ಬೇಡ ಅನ್ನುವ ಹಕ್ಕಿಲ್ಲದ ಒಪ್ಪಿಗೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಗ್ಯಾಸ್ ಕಂಪನಿಯವರ ಜೊತೆ ಮಾತಿಗೆ ಕೂತರೆ ಐದು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತದೆ. ಹೊಲದಲ್ಲಿ ಗ್ಯಾಸ್ ಬಾವಿ ಕೊರೆಯಲು ರೈತರು ಒಪ್ಪಿದ್ದಾರೆ, ಸಹಿ ಹಾಕಿದ್ದಾರೆ, ಸಾವಿರಾರು ಒಪ್ಪಂದಗಳಾಗಿವೆ, ಕೋರ್ಟಿನ ಮೆಟ್ಟಿಲು ಹತ್ತಿದವರು ತೀರಾ ಕಡಿಮೆ ಅಂತ. ಅಷ್ಟೂ ನಿಜ. ಆದರೆ ಸಹಿ ಹಾಕದೆ ಉಳಿಯುವ ದಾರಿಯೇ ಇಲ್ಲದಿದ್ದಾಗ ಹಾಕಿದ ಸಹಿಯನ್ನು ಒಪ್ಪಿಗೆಯ ಲೆಕ್ಕಕ್ಕೆ ಹಿಡಿಯಬಹುದಾ? ನನ್ನ ತಕರಾರು ಇರುವುದು ಇಲ್ಲೇ.

ನಾನು ಗದಗ ಜಿಲ್ಲೆಯ ಮುಂಡರಗಿ ಕಡೆಯವನು. ಈಗ ತೂವೂಂಬದಲ್ಲಿದ್ದೇನೆ. ಬ್ರಿಸ್ಬೇನಿನಿಂದ ಪಶ್ಚಿಮಕ್ಕೆ ಘಾಟ್ ಹತ್ತಿದರೆ ಸಿಗುವ ದೊಡ್ಡ ಊರು ಇದು. ಬೋರ್‌ವೆಲ್ ಪಂಪು, ಪೈಪು, ಕೇಬಲ್ಲು ಮಾರುವ, ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ. ಹಾಗಾಗಿ ಡಾಲ್ಬಿ, ಚಿಂಚಿಲಾ, ಮೈಲ್ಸ್ ಕಡೆಯ ಹೊಲಗಳಿಗೆ ಹೋಗುತ್ತಾ ಇರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಸಂಬಳದಲ್ಲೂ ಗ್ಯಾಸಿನ ದುಡ್ಡಿದೆ. ಕಂಪನಿಗಳು ರೈತರಿಗೆ ಹೊಸ ಬೋರು ಹಾಕಿಸಿಕೊಟ್ಟಾಗ ಪಂಪು ಕೆಲವು ಸಲ ನಮ್ಮ ಅಂಗಡಿಯಿಂದಲೇ ಹೋಗುತ್ತದೆ.

ಈ ನೆಲವನ್ನು ನಮ್ಮ ಕಡೆಯವರಿಗೆ ಯಾರೂ ಪರಿಚಯ ಮಾಡಿಸಬೇಕಿಲ್ಲ. ಡಾರ್ಲಿಂಗ್ ಡೌನ್ಸ್ ಅಂದರೆ ಅಪ್ಪಟ ಎರೆ ಭೂಮಿ. ಬಿಸಿಲಿಗೆ ಅಂಗೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಬೂಟಿನ ತುಂಬಾ ಮಣ್ಣು. ಬೆಳೆಯೂ ಅವೇ: ಹತ್ತಿ, ಜೋಳ, ಕಡಲೆ, ಗೋಧಿ. ಜೋಳ ಮಾತ್ರ ಇಲ್ಲಿ ದನ, ಹಂದಿಗಳ ಪಾಲು. ಸಾವಿರಾರು ಎಕರೆ ಜೋಳ ಕಣ್ಣೆದುರಿಗಿದ್ದರೂ ರೊಟ್ಟಿಯ ಹಿಟ್ಟಿಗೆ ಇಂಡಿಯನ್ ಅಂಗಡಿಗೇ ಹೋಗಬೇಕು. ಇರಲಿ.

ಈ ಎರೆಯ ಕೆಳಗೆ ಕಲ್ಲಿದ್ದಲಿನ ಪದರಗಳಿವೆ. ವಾಲೂನ್ ಪದರ ಅಂತ ಕರೆಯುತ್ತಾರೆ. ಕಲ್ಲಿದ್ದಲಿಗೆ ಮೀಥೇನ್ ಅಂಟಿಕೊಂಡಿರುತ್ತದೆ. ಅದನ್ನು ಅಲ್ಲಿ ಹಿಡಿದಿಟ್ಟಿರುವುದು ನೀರಿನ ಒತ್ತಡ. ನೀರನ್ನು ಪಂಪ್ ಮಾಡಿ ಹೊರಗೆ ತೆಗೆದರೆ ಒತ್ತಡ ಇಳಿಯುತ್ತದೆ, ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಆಗುವಂತೆ ಗ್ಯಾಸು ಬಿಡಿಸಿಕೊಂಡು ಮೇಲೆ ಬರುತ್ತದೆ. ಅಮೆರಿಕದ ಶೇಲ್ ಗ್ಯಾಸಿನ ಹಾಗೆ ಇಲ್ಲಿ ಎಲ್ಲ ಬಾವಿಗೂ ಬಂಡೆ ಒಡೆಯುವ ಫ್ರ್ಯಾಕಿಂಗ್ ಬೇಕಾಗುವುದಿಲ್ಲ. ಆದರೆ ನೀರು ತೆಗೆಯದೆ ಗ್ಯಾಸಿಲ್ಲ. ರೈತನ ಬೋರು ಇಳಿದಿರುವುದೂ ಅದೇ ಪದರಕ್ಕೆ, ಇಲ್ಲವೇ ಅದರ ಮೇಲಿನ, ಕೆಳಗಿನ ಪದರಕ್ಕೆ. ಜಗಳದ ಬುಡ ಇದು.

ಕೆಲಸ ನಡೆದದ್ದು ಭಾರೀ ಅವಸರದಲ್ಲಿ. ಗ್ಲ್ಯಾಡ್‌ಸ್ಟೋನ್ ಬಂದರಿನ ಎದುರಿಗಿರುವ ಕರ್ಟಿಸ್ ದ್ವೀಪದಲ್ಲಿ ಗ್ಯಾಸನ್ನು ತಣ್ಣಗೆ ಮಾಡಿ ದ್ರವವಾಗಿಸುವ ಮೂರು ಕಾರ್ಖಾನೆ, ಮೂರು ಬೇರೆ ಬೇರೆ ಕಂಪನಿ ಗುಂಪುಗಳದ್ದು, ಅಕ್ಕಪಕ್ಕದಲ್ಲೇ ಎದ್ದವು. 2014ರ ಕೊನೆಗೆ ಮೊದಲ ಹಡಗಿಗೆ ಗ್ಯಾಸು ತುಂಬಲು ಶುರುವಾಯಿತು. 2016ರ ಹೊತ್ತಿಗೆ ಮೂರೂ ಕಡೆಯಿಂದ ಸರಕು ಹೊರಟಿತ್ತು. ಹಡಗುಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಾದರೆ ಹೊಲಗಳಲ್ಲಿ ಸಾವಿರಾರು ಬಾವಿ ಬೇಕು. ಸುಮಾರು ಮುಕ್ಕಾಲು ಕಿಲೋಮೀಟರಿಗೊಂದರಂತೆ ಬಾವಿ, ಬಾವಿಯಿಂದ ಬಾವಿಗೆ ಪೈಪು, ರಸ್ತೆ, ಕಂಪ್ರೆಸರ್. ಒಂದು ಕಡೆ ಗಣಿ ತೋಡಿ ಬೇಲಿ ಹಾಕುವ ಕೆಲಸ ಇದಲ್ಲ. ಒಬ್ಬೊಬ್ಬ ರೈತನ ಹೊಲದೊಳಕ್ಕೂ ಬರಲೇಬೇಕು.

ಬರಲು ಕಾನೂನು ಏನು ಹೇಳುತ್ತದೆ? ಕ್ವೀನ್ಸ್‌ಲ್ಯಾಂಡಿನಲ್ಲಿ ನೆಲದಡಿಯ ಎಣ್ಣೆ, ಗ್ಯಾಸು 1915ರಿಂದಲೇ ಸರಕಾರದ್ದು. ಮೇಲಿನ ಮಣ್ಣು ಮಾತ್ರ ರೈತನದ್ದು. ಕಂಪನಿಗೆ ಸರಕಾರ ಲೈಸೆನ್ಸ್ ಕೊಟ್ಟ ಮೇಲೆ ರೈತ ಬೇಡ ಅನ್ನುವಂತಿಲ್ಲ. 2010ರಲ್ಲಿ ಬಂದ ನಿಯಮದ ಪ್ರಕಾರ ಕಂಪನಿ ಮೊದಲು ನೋಟಿಸು ಕೊಡಬೇಕು. ಆಮೇಲೆ ಮಾತುಕತೆಗೆ ಕನಿಷ್ಠ 20 ಕೆಲಸದ ದಿನ. ನಡವಳಿಕೆ ಮತ್ತು ಪರಿಹಾರದ ಒಪ್ಪಂದ ಅಂತ ಒಂದು ಆಗಬೇಕು. ಆಗದಿದ್ದರೆ ಮಧ್ಯಸ್ಥಿಕೆ. ಅದೂ ಆಗದಿದ್ದರೆ ಲ್ಯಾಂಡ್ ಕೋರ್ಟ್. ಆ ಕೋರ್ಟಿನಲ್ಲಿ ಎಷ್ಟು ಕೊಡಬೇಕು, ಹೇಗೆ ನಡೆದುಕೊಳ್ಳಬೇಕು ಎಂಬುದರ ತೀರ್ಮಾನ ಆಗುತ್ತದೆ. ಬಾವಿ ಬೇಕೋ ಬೇಡವೋ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲೆಕ್ಕ ಬೇರೆ. ಅಲ್ಲಿ ಎಷ್ಟೋ ಕಡೆ ನೆಲದಡಿಯ ಗ್ಯಾಸೂ ಜಮೀನಿನ ಯಜಮಾನನದ್ದೇ. ಲೀಸು ಕೊಟ್ಟರೆ ಕನಿಷ್ಠ ಎಂಟನೇ ಒಂದು ಪಾಲು ರಾಯಲ್ಟಿ ಕೊಡಬೇಕು ಅಂತ ಆ ರಾಜ್ಯದಲ್ಲಿ ಕಾನೂನೇ ಇದೆ. ಅಲ್ಲಿನ ರೈತ ಒಪ್ಪಿದರೆ ಅದು ವ್ಯಾಪಾರ. ಇಲ್ಲಿನ ರೈತ ಒಪ್ಪಿದರೆ ತೊಂದರೆಗೆ ಪರಿಹಾರ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು 'ಗ್ರಾಮೀಣ ಜನರ ಸಮ್ಮತಿ' ಅಂತ ವರದಿ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಇಲ್ಲಿನ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ಚಿಂಚಿಲಾ, ಡಾಲ್ಬಿ ಸುತ್ತಿನ ವೆಸ್ಟರ್ನ್ ಡೌನ್ಸ್‌ನಲ್ಲಿ 2014ರಿಂದ ಎರಡೆರಡು ವರ್ಷಕ್ಕೊಮ್ಮೆ ಜನರನ್ನು ಕೇಳಿ ನೋಡಿತು. ಬೇಕಾ ಬೇಡವಾ ಅಂತಷ್ಟೇ ಕೇಳಲಿಲ್ಲ, ಐದು ಮೆಟ್ಟಿಲು ಇಟ್ಟರು: ಬೇಡವೇ ಬೇಡ, ಸಹಿಸಿಕೊಂಡಿದ್ದೇವೆ, ಒಪ್ಪಿದ್ದೇವೆ, ಒಳ್ಳೆಯದು, ತುಂಬಾ ಒಳ್ಳೆಯದು. ಎರಡು ತುದಿಯಲ್ಲಿ ನಿಂತವರು ಕಡಿಮೆ. ಜಾಸ್ತಿ ಜನ ಸಹಿಸಿಕೊಂಡಿದ್ದೇವೆ, ಒಪ್ಪಿದ್ದೇವೆ ಅನ್ನುವ ಎರಡು ಮೆಟ್ಟಿಲ ಮೇಲೇ ಇದ್ದರು. ಹೊಲದ ಕಡೆ ಓಡಾಡುವ ನನಗೂ ಕಂಡದ್ದು ಅದೇ. ಪೇಟೆಯಲ್ಲಿ ಅಂಗಡಿ, ಮೋಟೆಲ್ ಇಟ್ಟುಕೊಂಡವರು ಒಂದು ಮೆಟ್ಟಿಲು ಮೇಲೆ, ಹೊಲದೊಳಗೆ ಬಾವಿ ಇರುವವರು ಒಂದು ಮೆಟ್ಟಿಲು ಕೆಳಗೆ. ಕಂಪನಿಯ ಜಾಹೀರಾತಿಗೆ ಬರುವ ಹೊತ್ತಿಗೆ ಮಾತ್ರ ಎಲ್ಲರೂ ಒಟ್ಟಿಗೇ ಮೇಲೆ ಹತ್ತಿರುತ್ತಾರೆ.

ಸಹಿಸಿಕೊಳ್ಳುವುದು ಅಂದರೆ ಏನು ಅಂತ ಹತ್ತಿರದಿಂದ ನೋಡಬೇಕಾದರೆ ಒಂದು ಒಪ್ಪಂದದ ಕಾಗದ ಓದಬೇಕು. ಚಿಂಚಿಲಾ ಆಚೆ ಒಬ್ಬ ರೈತ ಮಹಿಳೆ, ವಯಸ್ಸು ಅರವತ್ತರ ಮೇಲೆ, ಅಡುಗೆಮನೆ ಮೇಜಿನ ಮೇಲೆ ತಮ್ಮ ಫೈಲನ್ನು ಹರಡಿ ನನಗೆ ತೋರಿಸಿದ್ದರು. ದುಡ್ಡಿನ ಪುಟವನ್ನು ಮಾತ್ರ ಕೈಯಿಂದ ಮುಚ್ಚಿಟ್ಟುಕೊಂಡರು. ಅದನ್ನು ಯಾರಿಗೂ ತೋರಿಸಬಾರದು ಅಂತ ಕರಾರು. ಉಳಿದದ್ದೆಲ್ಲಾ ಗೇಟು, ನಾಯಿ, ಧೂಳು, ರಾತ್ರಿಯ ಲೈಟು, ಗಾಡಿಯ ಸ್ಪೀಡು. ಕರು ಹಾಕುವ ದಿನಗಳಲ್ಲಿ ಯಾವ ಹೊಲಕ್ಕೆ ಬರಬಾರದು. ಮನೆಯಿಂದ ಎಷ್ಟು ದೂರದಲ್ಲಿ ಜನರೇಟರ್ ಇಡಬೇಕು. ಒಂದು ಇಡೀ ಪುಟ ಗಾಡಿ ತೊಳೆಯುವ ಬಗ್ಗೆ. ಹೊರಗಿನಿಂದ ಬರುವ ಪ್ರತಿ ಗಾಡಿಯ ಟೈರು, ತಳ, ರೇಡಿಯೇಟರ್ ಎಲ್ಲಾ ತೊಳೆದು ಸರ್ಟಿಫಿಕೇಟ್ ತರಬೇಕು. ಯಾಕೆ ಅಂದರೆ ಪಾರ್ಥೇನಿಯಂ ಬೀಜ ಬರಬಾರದು. ನಮ್ಮ ಕಾಂಗ್ರೆಸ್ ಕಸ! ನಮ್ಮೂರಲ್ಲಿ ಹೈವೇ ಬದಿಯಿಂದ ಹಿಡಿದು ಶಾಲೆಯ ಅಂಗಳದವರೆಗೆ ಆಳೆತ್ತರ ಬೆಳೆದು ನಿಂತಿರುವ ಗಿಡಕ್ಕೆ ಇಲ್ಲಿ ಒಂದು ಪುಟದ ಕರಾರು. ನಾನು ನಕ್ಕೆ. ಅವರು ನಗಲಿಲ್ಲ. ಆ ಒಂದು ಪುಟ ಬರೆಸಿಕೊಳ್ಳಲು ಎಷ್ಟು ವಾರ ಕಚ್ಚಾಡಬೇಕಾಯಿತು ಅಂತ ಹೇಳಿದರು. ವಕೀಲರ ಖರ್ಚನ್ನು ಕಂಪನಿಯೇ ಕೊಟ್ಟಿತ್ತು, ಅದು ಕಾನೂನು. ಆದರೆ ಮೇಜಿನ ಈ ಕಡೆ ಕೂತು ರಾತ್ರಿಯೆಲ್ಲಾ ಓದಿದವರು ಅವರೊಬ್ಬರೇ.

ಒಬ್ಬರೇ ಅನ್ನುವುದು ಇಲ್ಲಿ ಮುಖ್ಯ. ಈ ಪದ್ಧತಿಯಲ್ಲಿ ನನಗೆ ತೀರಾ ಕೆಟ್ಟದ್ದು ಅನಿಸಿದ್ದು ಬಾವಿಯೂ ಅಲ್ಲ, ಪೈಪೂ ಅಲ್ಲ. ಕಂಪನಿ ಒಂದು ಕಡೆ, ಒಂದು ಮನೆ ಇನ್ನೊಂದು ಕಡೆ. ಪಕ್ಕದ ಹೊಲದವರಿಗೆ ಎಷ್ಟು ಕೊಟ್ಟರು ಅಂತ ಗೊತ್ತಿಲ್ಲ. ಅವರು ಸಹಿ ಹಾಕಿದ್ದಾರಂತೆ ಅನ್ನುವುದು ಮಾತ್ರ ಗೊತ್ತು, ಅದನ್ನು ಹೇಳುವವನೂ ಕಂಪನಿಯ ಲ್ಯಾಂಡ್ ಆಫೀಸರೇ. ಮೂರು ತಲೆಮಾರು ಒಟ್ಟಿಗೆ ಬೇಲಿ ಕಟ್ಟಿಕೊಂಡು ಬಂದ ಎರಡು ಮನೆಯವರು, ಒಬ್ಬರು ಎದುರಿಗೆ ಬಂದರೆ ಇನ್ನೊಬ್ಬರು ಬೇರೆ ದಾರಿ ಹಿಡಿಯುವುದನ್ನು ನೋಡಿದ್ದೇನೆ. ಒಬ್ಬರ ಗೇಟಿನಲ್ಲಿ 'ಲಾಕ್ ದ ಗೇಟ್' ಚಳವಳಿಯ ಹಳದಿ ತ್ರಿಕೋನದ ಬೋರ್ಡು, ಇನ್ನೊಬ್ಬರ ಗೇಟಿನಲ್ಲಿ ಕಂಪನಿಯ ಬಾವಿ ನಂಬರಿನ ಬೋರ್ಡು.

2010ರಲ್ಲಿ ಹುಟ್ಟಿದ ಆ ಚಳವಳಿಗೆ ಇದು ಸರಿಯಾಗಿ ಅರ್ಥವಾಗಿತ್ತು. ಹಸಿರುವಾದಿ ಡ್ರೂ ಹಟನ್ ಮುಂದೆ ನಿಂತು ರೈತರನ್ನು ಸೇರಿಸಿದರು. ಕಾನೂನು ಬೇಡ ಅನ್ನುವ ಹಕ್ಕು ಕೊಡದಿದ್ದರೆ ಎಲ್ಲರೂ ಒಟ್ಟಿಗೆ ಗೇಟು ಹಾಕಿಬಿಡೋಣ, ಎಷ್ಟು ಜನರನ್ನು ಕೋರ್ಟಿಗೆ ಎಳೆಯುತ್ತಾರೋ ನೋಡೋಣ ಅನ್ನುವ ಲೆಕ್ಕಾಚಾರ. ಕ್ವೀನ್ಸ್‌ಲ್ಯಾಂಡಿನಲ್ಲಿ ಅದು ಅರ್ಧ ಮಾತ್ರ ನಡೆಯಿತು. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹತ್ತು ಕಿಲೋಮೀಟರ್. ಚಳವಳಿ ಜೋರಾಗುವ ಹೊತ್ತಿಗೆ ಬಹಳ ಜನ ಸಹಿ ಹಾಕಿಯೂ ಆಗಿತ್ತು.

ಗಡಿಯಾಚೆ ನ್ಯೂ ಸೌತ್ ವೇಲ್ಸ್‌ನ ಲಿಸ್ಮೋರ್ ಸುತ್ತಮುತ್ತ ನಡೆದದ್ದು ಬೇರೆ. ಅಲ್ಲಿ ಸಣ್ಣ ಹಿಡುವಳಿ, ಹತ್ತಿರ ಹತ್ತಿರ ಮನೆ. ಊರಿನವರೇ ರಸ್ತೆ ರಸ್ತೆಗೆ ಹೋಗಿ ಬಾಗಿಲು ತಟ್ಟಿ, ನಿಮ್ಮ ರಸ್ತೆಯಲ್ಲಿ ಗ್ಯಾಸ್ ಬಾವಿ ಬೇಕಾ ಬೇಡವಾ ಅಂತ ಕೇಳಿ ಬರೆದುಕೊಂಡರು. ಒಂದೊಂದು ರಸ್ತೆಯೂ ತನ್ನ ತೀರ್ಮಾನವನ್ನು ತಾನೇ ಸಾರಿತು. 2012ರಲ್ಲಿ ಲಿಸ್ಮೋರಿನ ನಗರಸಭೆ ಚುನಾವಣೆಯ ಜೊತೆಗೇ ಒಂದು ಮತ ಕೇಳಿದಾಗ ನೂರಕ್ಕೆ 87ರಷ್ಟು ಜನ ಬೇಡ ಅಂದರು. 2014ರಲ್ಲಿ ಮೆಟ್‌ಗ್ಯಾಸ್ಕೋ ಕಂಪನಿ ಬೆಂಟ್ಲಿ ಎಂಬಲ್ಲಿ ಬಾವಿ ಕೊರೆಯಲು ಹೊರಟಾಗ ಸಾವಿರಾರು ಜನ ಅಲ್ಲಿ ಟೆಂಟು ಹಾಕಿ ಕೂತರು. ಪೊಲೀಸರ ದಂಡು ಬರುತ್ತದೆ ಅನ್ನುವ ಹೊತ್ತಿಗೆ, ಮೇ ತಿಂಗಳಲ್ಲಿ, ಸರಕಾರ ಆ ಕಂಪನಿಯ ಲೈಸೆನ್ಸಿಗೆ ತಡೆ ಹಾಕಿತು. ಕೊಟ್ಟ ಕಾರಣ ನೋಡಿ: ಕಂಪನಿ ಊರಿನವರ ಜೊತೆ ಸರಿಯಾಗಿ ಮಾತುಕತೆ ನಡೆಸಿಲ್ಲ!

ಕತೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಅದೇ ರಾಜ್ಯದ ಸುಪ್ರೀಂ ಕೋರ್ಟು ಆ ತಡೆ ಕಾನೂನಿಗೆ ಸರಿಯಿಲ್ಲ ಅಂದಿತು. ಸರಕಾರ ಕೊನೆಗೆ 2.5 ಕೋಟಿ ಡಾಲರ್ ಕೊಟ್ಟು ಲೈಸೆನ್ಸುಗಳನ್ನು ವಾಪಸು ಕೊಂಡುಕೊಂಡಿತು. ಅಂದರೆ ಮೊದಲೇ ರಸ್ತೆ ರಸ್ತೆಗೆ ಹೋಗಿ ಕೇಳಿದ್ದರೆ ಜನರ ತೆರಿಗೆ ದುಡ್ಡು ಅಷ್ಟು ಉಳಿಯುತ್ತಿತ್ತು. ವಿಕ್ಟೋರಿಯಾ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2017ರಲ್ಲಿ ಫ್ರ್ಯಾಕಿಂಗನ್ನು ಕಾನೂನಿನಿಂದಲೇ ಬಂದ್ ಮಾಡಿತು, 2021ರಲ್ಲಿ ಅದನ್ನು ರಾಜ್ಯದ ಸಂವಿಧಾನಕ್ಕೂ ಸೇರಿಸಿತು.

ಹಾಗಂತ ಆಸ್ಟ್ರೇಲಿಯಾದಲ್ಲಿ ಎಲ್ಲ ಕಡೆ ಜನರ ಮಾತು ನಡೆಯುತ್ತದೆ ಅಂದುಕೊಳ್ಳಬೇಡಿ. ನ್ಯೂ ಸೌತ್ ವೇಲ್ಸ್‌ನದೇ ನರಾಬ್ರೈ ಎಂಬಲ್ಲಿ ಸಾಂಟೋಸ್ ಕಂಪನಿಯ 850 ಬಾವಿಗಳ ಯೋಜನೆಗೆ ಸುಮಾರು 23,000 ಅರ್ಜಿ ಬಂದವು, ಬಹುಪಾಲು ವಿರೋಧದವೇ. 2020ರಲ್ಲಿ ಅನುಮತಿ ಸಿಕ್ಕಿತು. ಅಲ್ಲಿನ ಮೂಲನಿವಾಸಿ ಗೊಮೆರಾಯ್ ಜನ 2022ರಲ್ಲಿ ಸಭೆ ಸೇರಿ ಬೇಡ ಅಂದರು. ಅದೇ ವರ್ಷ ಮೂಲನಿವಾಸಿಗಳ ಭೂಹಕ್ಕಿನ ಟ್ರಿಬ್ಯುನಲ್ಲು ಲೀಸು ಕೊಡಬಹುದು ಅಂದಿತು. 2024ರಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಆ ತೀರ್ಮಾನವನ್ನು ಬದಿಗೆ ಸರಿಸಿತು. ಕೇಳುವುದು ಒಂದು, ಕೇಳಿಸಿಕೊಳ್ಳುವುದು ಇನ್ನೊಂದು.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ಗ್ಯಾಸ್ ಬಾವಿಗಳ ಈ ಗದ್ದಲ ಇಲ್ಲ. ಆದರೆ ಕಾವೇರಿ ಹರಿದು ಹೋಗುವ ಕಡೆ ಇತ್ತು. ಮನ್ನಾರ್‌ಗುಡಿಯ ಸುತ್ತ ಕಲ್ಲಿದ್ದಲ ಪದರದ ಮೀಥೇನ್ ತೆಗೆಯಲು 2010ರಲ್ಲಿ ಕಂಪನಿಯೊಂದಕ್ಕೆ ಒಪ್ಪಂದ ಆಗಿತ್ತು. ಸಾವಯವ ಕೃಷಿಯ ನಮ್ಮಾಳ್ವಾರ್ ಊರೂರು ಸುತ್ತಿ ಅದನ್ನು ವಿರೋಧಿಸಿದರು, ಆ ಓಡಾಟದಲ್ಲೇ 2013ರ ಡಿಸೆಂಬರಿನಲ್ಲಿ ತೀರಿಕೊಂಡರು. ಯೋಜನೆ ನಿಂತಿತು. 2017ರಲ್ಲಿ ಪುದುಕೋಟೆ ಜಿಲ್ಲೆಯ ನೆಡುವಾಸಲ್ ಎದ್ದು ಕೂತಿತು. ಅಲ್ಲಿ ಗ್ಯಾಸು ತೆಗೆಯಲು ಗುತ್ತಿಗೆ ಸಿಕ್ಕಿದ್ದು ನಮ್ಮ ಕರ್ನಾಟಕದ ಕಂಪನಿಗೆ. ಆ ಊರಿನವರಿಗೆ ಮೊದಲೇ ಯಾರೂ ಬಂದು ಇದು ಇಂಥದ್ದು, ಹೀಗೆ ತೆಗೆಯುತ್ತೇವೆ, ನಿಮ್ಮ ಬೋರಿಗೆ ಇಷ್ಟು ಆಗಬಹುದು ಅಂತ ಹೇಳಿರಲಿಲ್ಲ. ಹಾಗಾಗಿ ಮೀಥೇನ್ ಯೋಜನೆಗೂ ಈ ಯೋಜನೆಗೂ ಇರುವ ವ್ಯತ್ಯಾಸ ಎಷ್ಟೋ ಜನಕ್ಕೆ ತಿಳಿಯಲೇ ಇಲ್ಲ. ತಿಳಿಸಬೇಕಾದವರು ತಿಳಿಸದಿದ್ದರೆ ಭಯ ತಾನೇ ತಿಳಿಸುತ್ತದೆ. ಗ್ರಾಮಸಭೆಗಳು ಬೇಡ ಅಂತ ಠರಾವು ಮಾಡಿದವು. 2020ರಲ್ಲಿ ತಮಿಳುನಾಡು ಸರಕಾರ ಡೆಲ್ಟಾ ಪ್ರದೇಶವನ್ನು ರಕ್ಷಿತ ಕೃಷಿ ವಲಯ ಅಂತ ಕಾನೂನು ಮಾಡಿತು.

ನಮ್ಮ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲೂ ಇಂಥದ್ದೇ ಆಗಿತ್ತು. ಗ್ಯಾಸಲ್ಲ, ಉಕ್ಕು. 2011ರಲ್ಲಿ ಪೋಸ್ಕೋ ಕಾರ್ಖಾನೆಗೆ ಮೂರು ಸಾವಿರ ಎಕರೆಗೂ ಮಿಕ್ಕಿ ಎರೆ ಹೊಲ ತೆಗೆದುಕೊಳ್ಳಲು ಹೊರಟಾಗ ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಬೀದಿಗಿಳಿದರು. ಆ ಜುಲೈನಲ್ಲಿ ಯಡಿಯೂರಪ್ಪನವರ ಸರಕಾರ ಕೈಬಿಟ್ಟಿತು. ನಮ್ಮ ಮನೆಯಲ್ಲೂ ಖುಷಿಪಟ್ಟೆವು. ಆದರೆ ಜಮೀನು ಕೊಡಲು ತಯಾರಿದ್ದವರೂ ಇದ್ದರು. ಸಾಲ ತೀರಿಸಬೇಕಾದವರು, ಒಕ್ಕಲುತನ ಸಾಕಾದವರು. ಅವರ ಮಾತನ್ನು ಕೂತು ಕೇಳಿದವರು ಎಷ್ಟು ಜನ? ನಮ್ಮಲ್ಲಿ ಬೇಡ ಅನ್ನುವ ದನಿ ಎದ್ದರೆ ಅದು ಗಟ್ಟಿಯಾಗಿಯೇ ಏಳುತ್ತದೆ. ಅದರ ಮುಂದೆ ಸಣ್ಣ ದನಿ ಕೇಳುವುದಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಜನ ಎದ್ದು ನಿಲ್ಲದ ಕಡೆ ನಮ್ಮಲ್ಲಿ ಏನೂ ಇಲ್ಲ. ದಾಭೋಳದಿಂದ ಬೆಂಗಳೂರಿಗೆ ಗ್ಯಾಸ್ ಪೈಪು 2013ರಲ್ಲಿ ಶುರುವಾಯಿತಲ್ಲ, ಅದು ಬೆಳಗಾವಿ, ಧಾರವಾಡದ ಹೊಲಗಳ ಅಡಿಯಲ್ಲೇ ಬಂದಿದೆ. ಅದಕ್ಕೆ ಬಳಸುವುದು 1962ರ ಕಾನೂನು. ಗೆಜೆಟ್ಟಿನಲ್ಲಿ ಪ್ರಕಟಣೆ ಬರುತ್ತದೆ, ತಕರಾರಿಗೆ 21 ದಿನ. ಜಮೀನು ರೈತನ ಹೆಸರಿನಲ್ಲೇ ಇರುತ್ತದೆ, ಬಳಸುವ ಹಕ್ಕು ಮಾತ್ರ ಕಂಪನಿಗೆ. ಬೆಳೆ ಹಾನಿಗೆ ಬೇರೆ ಪರಿಹಾರ ಉಂಟು. ಆದರೆ ಆ ಹಕ್ಕಿಗೆ ಕೊಡುವುದು ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು. ಆ ಪಟ್ಟಿಯ ಮೇಲೆ ಮುಂದೆ ಮನೆ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಗಾಡಿ ತೊಳೆಯುವ ಪುಟ ಹೋಗಲಿ, ಯಾವ ದಿನ ಬಂದು ಅಗೆಯುತ್ತಾರೆ ಅನ್ನುವುದನ್ನು ಬರೆಸಿಕೊಂಡ ರೈತನನ್ನು ನಾನು ನೋಡಿಲ್ಲ.

ಈ ವಿಷಯದಲ್ಲಿ ಕ್ವೀನ್ಸ್‌ಲ್ಯಾಂಡಿನಿಂದ ನಾವು ಕಲಿಯುವುದು ಬಹಳ ಇದೆ, ಅದರಲ್ಲೂ ನೀರಿನ ಬಗ್ಗೆ. ಬಾವಿ ಕೊರೆಯುವ ಮೊದಲೇ ಸುತ್ತಲಿನ ಬೋರುಗಳ ನೀರಿನ ಮಟ್ಟ, ಗುಣ, ಪಂಪಿನ ಸ್ಥಿತಿ ಎಲ್ಲವನ್ನೂ ಕಂಪನಿ ಅಳೆದು ಬರೆದಿಡಬೇಕು. ಮುಂದೆ ಯಾವ ಬೋರು ಎಷ್ಟು ಇಳಿಯಬಹುದು ಅಂತ ಲೆಕ್ಕ ಹಾಕಲು ಕಂಪನಿಯಿಂದ ಬೇರೆಯಾದ ಸರಕಾರಿ ಕಚೇರಿಯೇ ಇದೆ. 2012ರ ಮೊದಲ ವರದಿಯಲ್ಲೇ ಕಾಲಕ್ರಮೇಣ 528 ಬೋರುಗಳಿಗೆ ತೊಂದರೆ ಆಗುತ್ತದೆ ಅಂತ ಅವರು ಬರೆದು ಜನರ ಮುಂದಿಟ್ಟರು. ನೀರು ಇಳಿದರೆ ಕಂಪನಿ ಆಳದ ಹೊಸ ಬೋರು ಹಾಕಿಸಿಕೊಡಬೇಕು, ಪಂಪು ಬದಲಿಸಬೇಕು, ಇಲ್ಲವೇ ದುಡ್ಡು ಕೊಡಬೇಕು. ನೂರಾರು ಬೋರು ಹಾಳಾಗುತ್ತವೆ ಅಂತ ಸರಕಾರವೇ ಮುಂಚೆ ಹೇಳಿದರೆ ಜನ ದಂಗೆ ಏಳುತ್ತಾರೆ ಅಂತ ನಮ್ಮ ಅಧಿಕಾರಿಗಳು ಅಂದುಕೊಳ್ಳಬಹುದು. ಇಲ್ಲಿ ನಾನು ನೋಡಿದ್ದು ಉಲ್ಟಾ. ಕೆಟ್ಟ ಸುದ್ದಿಯನ್ನು ನಂಬರ್ ಸಮೇತ ಕೊಟ್ಟವರನ್ನು ರೈತರು ನಂಬುತ್ತಾರೆ. ಏನೂ ಆಗಲ್ಲ ಅಂದವರನ್ನು ನಂಬುವುದಿಲ್ಲ.

ನಂಬಿಕೆ ಹೋದ ಕತೆಯೂ ಇಲ್ಲಿನದೇ. ಚಿಂಚಿಲಾ ಹತ್ತಿರ ಹೋಪ್‌ಲ್ಯಾಂಡ್ ಎಂಬಲ್ಲಿ ಲಿಂಕ್ ಎನರ್ಜಿ ಕಂಪನಿ ಬೇರೊಂದು ವಿಧಾನ ಇಟ್ಟುಕೊಂಡಿತ್ತು. ನೆಲದಡಿಯಲ್ಲೇ ಕಲ್ಲಿದ್ದಲಿಗೆ ಬೆಂಕಿ ಕೊಟ್ಟು ಗ್ಯಾಸು ಮಾಡುವುದು. ವಿಷಗಾಳಿ ಸುತ್ತಲ ಮಣ್ಣಿಗೆ ಸೇರಿತು. 2015ರಲ್ಲಿ ಮುನ್ನೂರು ಚದರ ಕಿಲೋಮೀಟರಿಗೂ ಮೀರಿದ ಜಾಗದಲ್ಲಿ ಎರಡು ಮೀಟರಿಗಿಂತ ಆಳ ಅಗೆಯಬೇಡಿ ಅಂತ ರೈತರಿಗೆ ಆದೇಶ ಬಂತು. 2016ರಲ್ಲಿ ರಾಜ್ಯ ಆ ವಿಧಾನವನ್ನೇ ಬಂದ್ ಮಾಡಿತು. 2018ರಲ್ಲಿ ಕೋರ್ಟು 45 ಲಕ್ಷ ಡಾಲರ್ ದಂಡ ಹಾಕಿತು. ಅಷ್ಟು ಹೊತ್ತಿಗೆ ಕಂಪನಿ ದಿವಾಳಿ. ಆಮೇಲೆ ಎಷ್ಟೋ ರೈತರಿಗೆ ಇದು ಬೇರೆ ವಿಧಾನ, ಅದು ಬೇರೆ ವಿಧಾನ ಅಂತ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗಲಿಲ್ಲ. ಹೋಗಬೇಕು ಅಂತ ನಾವು ಕೇಳುವುದೂ ತಪ್ಪೇ.

ಈಚೆಗೆ ಡಾಲ್ಬಿ ಕಡೆ ಹೊಸ ಚಿಂತೆ ನೆಲ ಕುಸಿಯುವುದು. ಆಳದಿಂದ ನೀರು, ಗ್ಯಾಸು ತೆಗೆದಾಗ ಮೇಲಿನ ಹೊಲ ಕೆಲವು ಸೆಂಟಿಮೀಟರ್ ಇಳಿಯಬಹುದು. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಈ ರೈತರು ಲೇಸರ್ ಹಿಡಿದು ಹೊಲ ಮಟ್ಟ ಮಾಡಿ ನೀರು ಹರಿಸುವವರು. ಸ್ವಲ್ಪ ತಗ್ಗಾದರೆ ಅಲ್ಲಿ ನೀರು ನಿಲ್ಲುತ್ತದೆ, ಹತ್ತಿ ಕೊಳೆಯುತ್ತದೆ. ಇದರ ಬಗ್ಗೆ 2024ರಲ್ಲಿ ಕಾನೂನು ಬಂತು. ಬಾವಿಗಳು ಬಂದು ಹತ್ತಾರು ವರ್ಷ ಆದ ಮೇಲೆ! ಕಾಗದ ಇಲ್ಲಿ ಗಟ್ಟಿ ಇದೆ ನಿಜ, ಆದರೆ ಕಾಗದ ಯಾವಾಗಲೂ ಬಾವಿಯ ಹಿಂದೆ ಹಿಂದೆಯೇ ಓಡಿ ಬಂದಿದೆ.

ಹಾಗಾದರೆ ನನಗೆ ಯಾವ ಪದ್ಧತಿ ಸರಿ ಅನಿಸುತ್ತದೆ? ಮೊದಲು ಊರೆಲ್ಲಾ ಒಟ್ಟಿಗೆ ಕೂತು ಬೇಕೋ ಬೇಡವೋ ಅನ್ನಬೇಕು, ಬೇಡ ಅಂದರೆ ಅದಕ್ಕೆ ಬೆಲೆ ಇರಬೇಕು. ಬೇಕು ಅಂದ ಮೇಲೆ ಆ ಅಜ್ಜಿಯ ಫೈಲಿನಂಥ ಕಾಗದ ಬರಬೇಕು. ದುಡ್ಡಿನ ಪುಟ ಮುಚ್ಚಿಟ್ಟುಕೊಳ್ಳುವಂತಿರಬಾರದು. ಇದು ಆಗದ ಮಾತು ಅನ್ನುವವರಿಗೆ ಪಾವಗಡ ತೋರಿಸುತ್ತೇನೆ. ಅಲ್ಲಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗೇಣಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಹತ್ತು ಎಕರೆಯವನಿಗೂ ಅದೇ ರೇಟು, ಎರಡು ಎಕರೆಯವನಿಗೂ ಅದೇ. ಆ ನಂಬರು ಇಲ್ಲಿ ಕೂತಿರುವ ನನಗೂ ಗೊತ್ತಿದೆ. ಚಿಂಚಿಲಾದಲ್ಲಿ ಪಕ್ಕದ ಮನೆಯ ನಂಬರು ಪಕ್ಕದ ಮನೆಗೆ ಗೊತ್ತಿಲ್ಲ.

ಪಾವಗಡದಲ್ಲಿ ಎಲ್ಲಾ ಸರಿಯಾಯಿತು ಅಂತಲ್ಲ. ಜಮೀನಿದ್ದವರಿಗೆ ಗೇಣಿ ಬಂತು, ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಇಲ್ಲೂ ಅಷ್ಟೇ. ಗ್ಯಾಸಿನ ಕಟ್ಟಡ ಕೆಲಸ ಜೋರಾಗಿದ್ದಾಗ ಚಿಂಚಿಲಾದಲ್ಲಿ ಮನೆ ಬಾಡಿಗೆ ಗಗನಕ್ಕೇರಿ, ಬಾಡಿಗೆ ಮನೆಯ ಬಡವರು ಊರು ಬಿಟ್ಟರು. ಕೆಲಸ ಮುಗಿದ ಮೇಲೆ ಬಾಡಿಗೆ ಇಳಿಯಿತು, ಸಾಲ ಮಾಡಿ ಮನೆ ಕಟ್ಟಿಸಿದವರು ಮುಳುಗಿದರು. ಇವರಲ್ಲಿ ಯಾರ ಹತ್ತಿರವೂ ಸಹಿ ಕೇಳಿಕೊಂಡು ಯಾರೂ ಬಂದಿರಲಿಲ್ಲ. ಊರಿನ ಒಪ್ಪಿಗೆ ಅಂದರೆ ಪಹಣಿಯಲ್ಲಿ ಹೆಸರಿದ್ದವರ ಒಪ್ಪಿಗೆ ಮಾತ್ರವಾ?

ಈ ಪ್ರಶ್ನೆ ಈಗ ನಮ್ಮ ಮನೆ ಬಾಗಿಲಿಗೇ ಬಂದಿದೆ. ಗದಗ ಜಿಲ್ಲೆಯ ಎರೆ ಹೊಲಗಳಲ್ಲಿ ಗಾಳಿ ಫ್ಯಾನುಗಳು ಏಳುತ್ತಲೇ ಇವೆ. ಹೋದ ತಿಂಗಳು ತಮ್ಮ ಫೋನ್ ಮಾಡಿದ್ದ. ಯಾವುದೋ ಕಂಪನಿಯ ಏಜೆಂಟ್ ಮನೆಗೆ ಬಂದು ಫ್ಯಾನಿಗೆ ಜಾಗ ಕೇಳಿದ್ದಾನೆ. "ಅಣ್ಣಾ, ಬಾಜೂ ಹೊಲದವ್ರಿಗೆ ಎಷ್ಟು ಹೇಳ್ಯಾರ ಅಂತ ಅವ ಬಾಯಿ ಬಿಡವಲ್ಲ" ಅಂದ. ಒಬ್ಬನೇ ಸಹಿ ಹಾಕಬೇಡ, ಹೊಲ ಇರುವವರೆಲ್ಲಾ ಗುಡಿ ಕಟ್ಟೆ ಮೇಲೆ ಕೂಡಿರಿ, ಒಂದೇ ರೇಟು ಹೇಳಿರಿ, ರಸ್ತೆ ಎಲ್ಲಿ ಬರುತ್ತದೆ, ಬದು ಒಡೆದರೆ ಯಾರು ಕಟ್ಟಿಕೊಡಬೇಕು, ಅವಧಿ ಮುಗಿದ ಮೇಲೆ ಬುಡದ ಕಾಂಕ್ರೀಟು ಯಾರು ಕೀಳಬೇಕು ಎಲ್ಲಾ ಬರೆಸಿಕೊಳ್ಳಿರಿ ಅಂದೆ. ಅದಕ್ಕೆಲ್ಲಾ ಹೂಂ ಅಂದ. ಆ ಹೊಲಗಳಲ್ಲಿ ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳನ್ನೂ, ಕುರಿಯವರನ್ನೂ ಕಟ್ಟೆಗೆ ಕರೀರಿ ಅಂದೆ. ಅದಕ್ಕೆ ಅವನು ಇನ್ನೂ ಹೂಂ ಅಂದಿಲ್ಲ.